ಗಾಡಿ ನಿಮ್ಮ ಮೈಗೆ ಹೊಂದಬೇಕು: ಬೈಕ್ ಆರಿಸುವುದು, ಆಮೇಲೆ ಅದನ್ನು ನಮ್ಮ ಅಳತೆಗೆ ತರುವುದು

ತುಮಕೂರಿನ ಯಾವ ಶೋರೂಮಿಗೆ ಹೋದರೂ ಮೊದಲ ಪ್ರಶ್ನೆ ಮೈಲೇಜ್ ಎಷ್ಟು. ಎರಡನೆಯದು ಡೌನ್ ಪೇಮೆಂಟ್ ಎಷ್ಟು. ಆಮೇಲೆ ಬಣ್ಣ. ಸೀಟು ನನಗೆ ಎತ್ತರ ಆಗುತ್ತದಾ, ಹ್ಯಾಂಡಲ್ ದೂರ ಆಗುತ್ತದಾ, ಹಿಂದೆ ಅಮ್ಮ ಕೂತರೆ ಕಾಲು ಎಲ್ಲಿ ಇಡುತ್ತಾರೆ ಅಂತ ಕೇಳುವವರು ಬಹಳ ಕಡಿಮೆ. ದಿನಾ ವಸಂತನರಸಾಪುರದ ಫ್ಯಾಕ್ಟರಿಗೋ, ದಾಬಸ್‌ಪೇಟೆಗೋ, ವಾರಕ್ಕೊಮ್ಮೆ ಮಧುಗಿರಿ ಕಡೆ ಊರಿಗೋ ಓಡಾಡುವವರ ಮೈ ಮಾತ್ರ ಇದನ್ನೆಲ್ಲ ಲೆಕ್ಕ ಇಡುತ್ತದೆ. ಮೂರು ತಿಂಗಳಲ್ಲಿ ಸೊಂಟ ಹಿಡಿಯುತ್ತದೆ, ಅಂಗೈ ಜುಮ್ಮೆನ್ನುತ್ತದೆ, ಆಗ ಎಲ್ಲರೂ ಹೇಳುವ ಮಾತು ಒಂದೇ, ವಯಸ್ಸಾಯ್ತು ಕಣಪ್ಪಾ ಅಂತ.

ವಯಸ್ಸಲ್ಲ. ಬಹಳ ಸಲ ಅದು ಕ್ಲಚ್, ಬ್ರೇಕ್ ಲಿವರ್ ಇರುವ ಕೋನ, ಇಲ್ಲವೇ ಹಿಂದಿನ ಶಾಕ್‌ನ (ಶಾಕ್ ಅಬ್ಸಾರ್ಬರ್) ಸ್ಪ್ರಿಂಗ್, ಇಲ್ಲವೇ ಟೈರಿನ ಗಾಳಿ. ಹತ್ತು ನಿಮಿಷ, ಒಂದು ಸ್ಪ್ಯಾನರ್, ಅಷ್ಟರಲ್ಲೇ ಸರಿಯಾಗುವಂಥದ್ದು. ಕಂಪನಿ ಒಂದು ಸರಾಸರಿ ಮೈಗೆ ಹೊಂದಿಸಿ ಗಾಡಿ ಕಳಿಸಿರುತ್ತದೆ. ನೀವು ಐದಡಿ ಎರಡಿಂಚು ಇದ್ದರೂ ಆರಡಿ ಇದ್ದರೂ ಕೈಗೆ ಬರುವುದು ಅದೇ ಸೆಟ್ಟಿಂಗ್. ಅದನ್ನು ನಿಮ್ಮ ಅಳತೆಗೆ ತರುವ ಕೆಲಸ ನಿಮ್ಮದೇ.

ಮೊದಲು ರಸ್ತೆ ನೋಡಿ, ಆಮೇಲೆ ಗಾಡಿ

ಒಂದು ವಾರ ನೀವು ನಿಜವಾಗಿ ಎಲ್ಲೆಲ್ಲಿ ಓಡಾಡುತ್ತೀರಿ ಅಂತ ಬರೆದಿಡಿ. ಕನಸಿನ ಲಡಾಖ್ ಬೇಡ, ನಿಜವಾದ ಓಡಾಟ ಬರೆಯಿರಿ. ಬಿ.ಎಚ್. ರಸ್ತೆಯ ಟ್ರಾಫಿಕ್‌ನಲ್ಲಿ ಕ್ಲಚ್ ಹಿಡಿದು ಬಿಟ್ಟು ಹಿಡಿದು ಬಿಟ್ಟು ಹೋಗುವವರಿಗೆ ಹಗುರ ಕ್ಲಚ್, ಹಗುರ ಗಾಡಿ ಬೇಕು. ನೆಲಮಂಗಲದ ಕಡೆ ರಾಷ್ಟ್ರೀಯ ಹೆದ್ದಾರಿ 48ರಲ್ಲಿ ಲಾರಿಗಳ ನಡುವೆ ದಿನಾ ಹೋಗುವವರಿಗೆ 100 ಸಿಸಿ ಗಾಡಿ ಸಾಕಾಗುವುದಿಲ್ಲ. ಅದು ಓಡುತ್ತದೆ, ಆದರೆ ಎಂಜಿನ್ ಇಡೀ ದಾರಿ ಕೂಗುತ್ತಿರುತ್ತದೆ, ಆ ನಡುಕ ಎಲ್ಲಾ ಹ್ಯಾಂಡಲ್ ಮತ್ತು ಫುಟ್‌ರೆಸ್ಟ್ ಮೂಲಕ ನಿಮ್ಮ ಮೈಗೇ ಬರುತ್ತದೆ. ಅಂಥವರಿಗೆ 150ರಿಂದ 160 ಸಿಸಿ ಗಾಡಿ ಅದೇ ವೇಗದಲ್ಲಿ ಆರಾಮಾಗಿ ಹೋಗುತ್ತದೆ. ಪಾವಗಡ, ಕೊರಟಗೆರೆ ಕಡೆಯ ಹಳ್ಳಿ ರಸ್ತೆ, ತೋಟದ ಮಣ್ಣುದಾರಿ ಜಾಸ್ತಿ ಇದ್ದರೆ ಉದ್ದ ಶಾಕ್, ದೊಡ್ಡ ಮುಂದಿನ ಚಕ್ರ ಇರುವ ಗಾಡಿ ಸೊಂಟ ಉಳಿಸುತ್ತದೆ. ದೇವರಾಯನದುರ್ಗಕ್ಕೆ ತಿಂಗಳಿಗೊಮ್ಮೆ ಹೋಗುತ್ತೀನಿ ಅನ್ನುವುದಕ್ಕೋಸ್ಕರ ದೊಡ್ಡ ಗಾಡಿ ತೆಗೆದುಕೊಳ್ಳಬೇಕಿಲ್ಲ, ಆ ಘಾಟಿಯನ್ನು ಯಾವ ಗಾಡಿಯೂ ಹತ್ತುತ್ತದೆ.

ಇನ್ನೊಂದು ಮಾತು. ಸುಗ್ಗಿ ಸಮಯದಲ್ಲಿ ನಮ್ಮ ಕಡೆ ಟಾರು ರಸ್ತೆ ಮೇಲೆ ರಾಗಿ, ಹುರುಳಿ ಹರಡಿರುತ್ತಾರೆ. ಒಣ ಹುಲ್ಲಿನ ಮೇಲೆ ಬ್ರೇಕ್ ಹಾಕಿದರೆ ಚಕ್ರ ನಿಲ್ಲುತ್ತದೆ, ಗಾಡಿ ಮಾತ್ರ ಮುಂದಕ್ಕೆ ಜಾರಿಕೊಂಡೇ ಹೋಗುತ್ತದೆ. 2019ರ ಏಪ್ರಿಲ್‌ನಿಂದ 125 ಸಿಸಿಗಿಂತ ಮೇಲಿನ ಹೊಸ ಬೈಕ್‌ಗಳಿಗೆ ಎಬಿಎಸ್ (ಬ್ರೇಕ್ ಹಾಕಿದಾಗ ಚಕ್ರ ಲಾಕ್ ಆಗದ ಹಾಗೆ ತಡೆಯುವ ವ್ಯವಸ್ಥೆ) ಕಡ್ಡಾಯ, 125 ಮತ್ತು ಅದಕ್ಕಿಂತ ಸಣ್ಣವಕ್ಕೆ ಕನಿಷ್ಠ ಸಿಬಿಎಸ್ (ಒಂದು ಬ್ರೇಕ್ ಒತ್ತಿದರೆ ಎರಡೂ ಚಕ್ರಕ್ಕೆ ಹಿಡಿಯುವ ವ್ಯವಸ್ಥೆ) ಇರಬೇಕು. ಹಾಗಾಗಿ ಸೆಕೆಂಡ್ ಹ್ಯಾಂಡ್‌ನಲ್ಲಿ 150 ಸಿಸಿ ಗಾಡಿ ನೋಡುವವರು 2019ಕ್ಕಿಂತ ಹಿಂದಿನದ್ದೋ ಮುಂದಿನದ್ದೋ ಅಂತ ಮೊದಲು ನೋಡಿ. ಎಬಿಎಸ್ ಇದ್ದರೂ ಹುರುಳಿ ಮೇಲೆ ನಿಧಾನವಾಗಿಯೇ ಹೋಗಬೇಕು, ಅದು ಬೇರೆ ಮಾತು.

ನಿಮ್ಮ ಕಾಲಿನ ಅಳತೆ

ಇದನ್ನು ಮನೆಯಲ್ಲೇ ಮಾಡಿಕೊಂಡು ಹೋಗಿ. ಬರಿಗಾಲಲ್ಲಿ ಗೋಡೆಗೆ ಬೆನ್ನು ಕೊಟ್ಟು ನಿಲ್ಲಿ. ಒಂದು ದಪ್ಪ ಪುಸ್ತಕವನ್ನು ಎರಡು ತೊಡೆಗಳ ನಡುವೆ, ಸೀಟಿನ ಮೇಲೆ ಕೂತ ಹಾಗೆ ಮೇಲಕ್ಕೆ ಒತ್ತಿ ಹಿಡಿಯಿರಿ. ಪುಸ್ತಕದ ಮೇಲಂಚು ಗೋಡೆಗೆ ತಾಗುವ ಕಡೆ ಗೆರೆ ಎಳೆದು ನೆಲದಿಂದ ಅಳೆಯಿರಿ. ಇದು ನಿಮ್ಮ ಒಳಕಾಲಿನ ಅಳತೆ.

ಈಗ ಗಾಡಿಯ ಸೀಟಿನ ಎತ್ತರಕ್ಕೆ ಹೋಲಿಸಿ. ಕಂಪನಿಯವರು ಇದನ್ನು ಮಿಲಿಮೀಟರ್‌ನಲ್ಲಿ ಕೊಟ್ಟಿರುತ್ತಾರೆ. ಸ್ಪ್ಲೆಂಡರ್ ಪ್ಲಸ್ 785, ಹಂಟರ್ 350 ಸುಮಾರು 790, ಕ್ಲಾಸಿಕ್ 350 ಸುಮಾರು 805, ಮೀಟಿಯರ್ 350 ಸುಮಾರು 765, ಎಕ್ಸ್‌ಪಲ್ಸ್ 200 ಅಂದರೆ 825ರ ಹತ್ತಿರ. ನಿಮ್ಮ ಒಳಕಾಲು 76 ಸೆಂಟಿಮೀಟರ್ ಇದ್ದು ಸೀಟು 785 ಮಿ.ಮೀ. ಇದ್ದರೆ ಗಾಬರಿ ಬೇಡ. ಶೂ ಎರಡು ಮೂರು ಸೆಂಟಿಮೀಟರ್ ಕೊಡುತ್ತದೆ, ನೀವು ಕೂತ ಕೂಡಲೇ ಶಾಕ್ ಸ್ವಲ್ಪ ಇಳಿಯುತ್ತದೆ.

ಆದರೆ ಎತ್ತರದ ಅಂಕಿ ಒಂದನ್ನೇ ನಂಬಬೇಡಿ. ಇದು ನಾನು ಎಲ್ಲರಿಗೂ ಒತ್ತಿ ಹೇಳುವ ಮಾತು. ಸ್ಪ್ಲೆಂಡರ್‌ಗೂ ಕ್ಲಾಸಿಕ್‌ಗೂ ಸೀಟಿನ ಎತ್ತರದಲ್ಲಿ ಎರಡು ಸೆಂಟಿಮೀಟರ್ ವ್ಯತ್ಯಾಸ ಅಷ್ಟೇ. ತೂಕ ನೋಡಿ, ಒಂದು ಸುಮಾರು 112 ಕಿಲೋ, ಇನ್ನೊಂದು ಸುಮಾರು 195. ಬೆರಳ ತುದಿಯಲ್ಲಿ ನಿಂತು 112 ಕಿಲೋ ಹಿಡಿದುಕೊಳ್ಳಬಹುದು, 195 ಕಿಲೋ ಒಂದು ಕಡೆ ವಾಲಿದರೆ ಹಿಡಿಯುವುದು ಕಷ್ಟ. ಮತ್ತೆ ಸೀಟಿನ ಅಗಲ. ಅಗಲ ಸೀಟು ತೊಡೆಯನ್ನು ಹೊರಗೆ ದೂಡುತ್ತದೆ, ಅಷ್ಟು ಕಾಲು ಕಡಿಮೆಯಾಗುತ್ತದೆ. ಮುಂಭಾಗ ಸಣ್ಣಗಿರುವ ಸೀಟು ಎತ್ತರವಾಗಿದ್ದರೂ ಕಾಲು ನೆಲಕ್ಕೆ ಸಿಗುತ್ತದೆ. ಎರಡೂ ಪಾದದ ಮುಂದಿನ ಅರ್ಧ ನೆಲಕ್ಕೆ ಗಟ್ಟಿಯಾಗಿ ಊರಿದರೆ ಊರಿನ ಓಡಾಟಕ್ಕೆ ಸಾಕು.

ಶೋರೂಮಿನಲ್ಲಿ ಏನು ಮಾಡಬೇಕು

ದಿನಾ ಹಾಕುವ ಶೂ ಅಥವಾ ಚಪ್ಪಲಿ ಹಾಕಿಕೊಂಡೇ ಹೋಗಿ, ಹೆಲ್ಮೆಟ್ ತೆಗೆದುಕೊಂಡು ಹೋಗಿ. ಹಿಂದೆ ಯಾರು ಜಾಸ್ತಿ ಕೂರುತ್ತಾರೋ ಅವರನ್ನೂ ಕರೆದುಕೊಂಡು ಹೋಗಿ, ಇದು ಮುಖ್ಯ. ಗಾಡಿಯನ್ನು ಡಬಲ್ ಸ್ಟ್ಯಾಂಡ್ ಹಾಕಿಸಿ, ಅದರ ಮೇಲೆ ಐದು ಹತ್ತು ನಿಮಿಷ ಸುಮ್ನೆ ಕೂರಿ. ಸೇಲ್ಸ್ ಹುಡುಗ ಮಾತಾಡುತ್ತಿರಲಿ, ನೀವು ಮೈ ಮೇಲೆ ಗಮನ ಇಡಿ. ಮೊದಲ ನಿಮಿಷ ಎಲ್ಲಾ ಸೀಟೂ ಮೆತ್ತಗಿರುತ್ತದೆ. ಐದನೇ ನಿಮಿಷಕ್ಕೆ ಬಾಲಮೂಳೆ ಮಾತಾಡಲು ಶುರು ಮಾಡುತ್ತದೆ.

ಕಣ್ಣು ಮುಚ್ಚಿ ಕೈಯನ್ನು ಹ್ಯಾಂಡಲ್ ಕಡೆ ಚಾಚಿ. ಕೈ ನೇರವಾಗಿ ಗ್ರಿಪ್ ಮೇಲೆ ಬಂದರೆ ಸರಿ. ಬೆನ್ನು ಬಗ್ಗಿಸಿ ಹುಡುಕಬೇಕಾಗಿ ಬಂದರೆ ಆ ಗಾಡಿ ನಿಮಗೆ ಉದ್ದ. ಮೊಣಕೈ ಸ್ವಲ್ಪ ಮಡಚಿರಬೇಕು, ಪೂರ್ತಿ ನೆಟ್ಟಗೆ ಇರಬಾರದು. ನೆಟ್ಟಗಿನ ಕೈ ಪ್ರತಿ ಹಂಪಿನ ಹೊಡೆತವನ್ನೂ ಭುಜಕ್ಕೆ ತಲುಪಿಸುತ್ತದೆ. ಬಾಗಿ ಕೂರುವ ಸ್ಪೋರ್ಟ್ಸ್ ಗಾಡಿಗಳಲ್ಲಿ ಹ್ಯಾಂಡಲ್ ನೇರ ಫೋರ್ಕ್‌ಗೇ, ಅಂದರೆ ಮುಂದಿನ ಚಕ್ರ ಹಿಡಿದಿರುವ ಎರಡು ಕೊಳವೆಗೇ ಕಚ್ಚಿರುತ್ತದೆ, ಆಮೇಲೆ ತಿರುಗಿಸಲು ಆಗುವುದಿಲ್ಲ. ಅಂಥ ಗಾಡಿ ಇಷ್ಟವಾದರೆ ಕೊಳ್ಳುವ ಮುಂಚೆಯೇ ಮೈಗೆ ಹೊಂದಬೇಕು.

ಆಮೇಲೆ ಸ್ಟ್ಯಾಂಡ್ ತೆಗೆದು ಗಾಡಿಯನ್ನು ಕಾಲಲ್ಲೇ ಹಿಂದಕ್ಕೆ ತಳ್ಳಿ. ಇಳಿದು ಡಬಲ್ ಸ್ಟ್ಯಾಂಡ್ ನೀವೇ ಹಾಕಿ. ಮನೆ ಮುಂದೆ ಇಳಿಜಾರು ಇರುವವರಿಗೆ, ಗಲ್ಲಿಯಲ್ಲಿ ನಿಲ್ಲಿಸುವವರಿಗೆ ದಿನಾ ಇದೇ ಕೆಲಸ. ಟೆಸ್ಟ್ ರೈಡ್ ಕೇಳಿದರೆ ಬಹಳ ಕಡೆ ಶೋರೂಮ್ ಮುಂದಿನ ನುಣುಪು ರಸ್ತೆಯಲ್ಲಿ ಒಂದು ಸುತ್ತು ಹಾಕಿಸುತ್ತಾರೆ. ಕೇಳಿ ಕೆಟ್ಟ ರಸ್ತೆಗೆ ಹೋಗಿ. ಎರಡು ಹಂಪು, ಒಂದು ಗುಂಡಿ, ಸ್ವಲ್ಪ ಟ್ರಾಫಿಕ್. ನಂತರ ಹಿಂದೆ ಜನ ಕೂರಿಸಿಕೊಂಡು ಅದೇ ದಾರಿ.

ಹಿಂದೆ ಕೂರುವವರ ಬಗ್ಗೆ ಎರಡು ಮಾತು ಹೇಳಲೇಬೇಕು, ಯಾಕಂದರೆ ಅವರ ಕಷ್ಟವನ್ನು ಯಾರೂ ಕೇಳುವುದಿಲ್ಲ. ನಮ್ಮಲ್ಲಿ ಅಮ್ಮ, ಅತ್ತೆ, ಹೆಂಡತಿ ಸೀರೆ ಉಟ್ಟು ಒಂದೇ ಕಡೆ ಕಾಲು ಹಾಕಿ ಕೂರುತ್ತಾರೆ. ಸ್ಪೋರ್ಟ್ಸ್ ಗಾಡಿಯ ಹಿಂದಿನ ಸೀಟು ಎತ್ತರಕ್ಕೆ, ಮುಂದಕ್ಕೆ ಇಳಿಜಾರಾಗಿ ಇರುತ್ತದೆ, ಹಿಡಿದುಕೊಳ್ಳಲು ಏನೂ ಇರುವುದಿಲ್ಲ. ಅವರು ಇಡೀ ದಾರಿ ಜಾರದ ಹಾಗೆ ಹೊಟ್ಟೆ ಬಿಗಿ ಹಿಡಿದೇ ಕೂತಿರುತ್ತಾರೆ. ಕೇಂದ್ರ ಮೋಟಾರು ವಾಹನ ನಿಯಮ 1989ರ 123ನೇ ನಿಯಮದ ಪ್ರಕಾರ ಹಿಂದೆ ಕೂರುವವರಿಗೆ ಹಿಡಿಕೆ, ಕಾಲಿಡಲು ಫುಟ್‌ರೆಸ್ಟ್, ಹಿಂದಿನ ಚಕ್ರದ ಅರ್ಧದಷ್ಟಾದರೂ ಮುಚ್ಚುವ ರಕ್ಷಣೆ ಇರಲೇಬೇಕು. ನಾವು ಸೀರೆ ಗಾರ್ಡ್ ಅಂತ ಕರೆಯುವುದು ಇದನ್ನೇ. ಚೆಂದ ಕಾಣಲ್ಲ ಅಂತ ಮನೆಗೆ ಬಂದ ದಿನವೇ ಬಿಚ್ಚಿಸುವ ಹುಡುಗರಿದ್ದಾರೆ. ದಯವಿಟ್ಟು ಬಿಚ್ಚಿಸಬೇಡಿ. ಸೆರಗು, ವೇಲ್ ಚಕ್ರಕ್ಕೆ ಸಿಕ್ಕಿ ಆಗುವ ಅಪಘಾತ ನೋಡಿದವರಿಗೆ ಗೊತ್ತು. ಸಣ್ಣ ಮಕ್ಕಳಿದ್ದರೆ, ಒಂಬತ್ತು ತಿಂಗಳಿಂದ ನಾಲ್ಕು ವರ್ಷದವರೆಗೆ ಬೆಲ್ಟ್ ಕಟ್ಟಿ, ಅವರ ತಲೆಗೆ ಹೊಂದುವ ಹೆಲ್ಮೆಟ್ ಹಾಕಿ, ಗಂಟೆಗೆ 40 ಕಿಲೋಮೀಟರ್ ದಾಟದೆ ಹೋಗಬೇಕು ಅಂತ 2023ರ ಫೆಬ್ರವರಿಯಿಂದ ನಿಯಮ ಇದೆ.

ಸೆಕೆಂಡ್ ಹ್ಯಾಂಡ್ ಆದರೆ ಇನ್ನೂ ಮೂರು ನೋಡಿ. ಡಬಲ್ ಸ್ಟ್ಯಾಂಡ್ ಹಾಕಿ ಮುಂದಿನ ಚಕ್ರ ನೆಲ ಬಿಡುವ ಹಾಗೆ ಹಿಂದೆ ಯಾರಾದರೂ ಒತ್ತಲಿ, ನೀವು ಹ್ಯಾಂಡಲ್ ನಿಧಾನವಾಗಿ ಆ ಕಡೆ ಈ ಕಡೆ ತಿರುಗಿಸಿ. ನಡುವೆ ಕಚ್ಚಿದ ಹಾಗೆ ಆದರೆ ಕೋನ್ ಸೆಟ್ (ಹ್ಯಾಂಡಲ್ ತಿರುಗುವ ಬೇರಿಂಗ್) ಹೋಗಿದೆ. ಫೋರ್ಕ್ ಮೇಲೆ ಎಣ್ಣೆ ಜಿನುಗಿದ್ದರೆ ಆಯಿಲ್ ಸೀಲ್ ಹೋಗಿದೆ. ಹಿಂದಿನ ಚಕ್ರವನ್ನು ಪಕ್ಕಕ್ಕೆ ಅಲುಗಾಡಿಸಿದಾಗ ಲಟಲಟ ಅಂದರೆ ಸ್ವಿಂಗ್ ಆರ್ಮ್ (ಹಿಂದಿನ ಚಕ್ರ ಹಿಡಿದಿರುವ ತೋಳು) ಬುಷ್ ಅಥವಾ ಚಕ್ರದ ಬೇರಿಂಗ್ ಹೋಗಿದೆ. ಈ ಮೂರೂ ರಿಪೇರಿ ಆಗುವಂಥವೇ, ಆದರೆ ಅದಕ್ಕೆ ತಕ್ಕಂತೆ ಬೆಲೆ ಕಡಿಮೆ ಮಾಡಿಸಿಕೊಳ್ಳಿ. ಇವನ್ನು ಸರಿಮಾಡಿಸದೆ ಮುಂದೆ ಹೇಳುವ ಯಾವ ಸೆಟ್ಟಿಂಗ್ ಮಾಡಿದರೂ ಉಪಯೋಗವಿಲ್ಲ.

ಈಗ ಹೊಂದಿಸುವ ಕೆಲಸ: ಗಾಳಿಯಿಂದ ಶುರು

ಕ್ರಮ ಮುಖ್ಯ. ಮೊದಲು ಗಾಳಿ, ಆಮೇಲೆ ಚೈನ್, ಹಿಂದಿನ ಶಾಕ್, ಹ್ಯಾಂಡಲ್, ಲಿವರ್, ಕಾಲಿನ ಪೆಡಲ್‌ಗಳು, ಕೊನೆಗೆ ಸೀಟು. ಬಹಳ ಜನ ಸೀಟಿಂದ ಶುರು ಮಾಡಿ ಸುಮ್ನೆ ದುಡ್ಡು ಸುರಿಯುತ್ತಾರೆ. ಮತ್ತೆ ಒಂದು ಸಲಕ್ಕೆ ಒಂದೇ ಬದಲಾಯಿಸಿ, ಎರಡು ಮೂರು ದಿನ ಓಡಿಸಿ, ಆಮೇಲೆ ಮುಂದಿನದು. ಎಲ್ಲಾ ಒಟ್ಟಿಗೆ ತಿರುಗಿಸಿದರೆ ಯಾವುದರಿಂದ ಆರಾಮಾಯಿತು ಅಂತ ಗೊತ್ತಾಗುವುದಿಲ್ಲ.

ಗಾಳಿ ಎಷ್ಟು ಅಂತ ಗಾಡಿಯ ಮೇಲೆಯೇ ಸ್ಟಿಕ್ಕರ್ ಇರುತ್ತದೆ, ಚೈನ್ ಕವರ್ ಅಥವಾ ಸ್ವಿಂಗ್ ಆರ್ಮ್ ಮೇಲೆ ನೋಡಿ. ಒಬ್ಬರಿಗೆ ಒಂದು, ಇಬ್ಬರಿಗೆ ಒಂದು ಅಂತ ಎರಡು ಅಂಕಿ ಇರುತ್ತದೆ. ಸಣ್ಣ ಗಾಡಿಗಳಲ್ಲಿ ಮುಂದೆ 25 ಪಿಎಸ್‌ಐ (ಗಾಳಿಯ ಒತ್ತಡದ ಅಳತೆ) ಆಸುಪಾಸು, ಹಿಂದೆ 30ರ ಆಸುಪಾಸು ಇರುವುದು ಸಾಮಾನ್ಯ, ಆದರೆ ನಿಮ್ಮ ಸ್ಟಿಕ್ಕರ್ ಹೇಳಿದ್ದೇ ಸರಿ. ಪಂಚರ್ ಅಂಗಡಿಯಲ್ಲಿ ಕೆಲವರು ಕೇಳದೆಯೇ 40 ಹೊಡೆದು ಕಳಿಸುತ್ತಾರೆ, ಪದೇ ಪದೇ ಬರಬಾರದು ಅಂತ ಒಳ್ಳೆಯ ಮನಸ್ಸಿಂದಲೇ. ಅಷ್ಟು ಗಾಳಿ ಇದ್ದರೆ ಟೈರ್ ಕಲ್ಲಿನ ಹಾಗೆ ಆಗುತ್ತದೆ, ಗುಂಡಿಯ ಹೊಡೆತ ನೇರ ಸೊಂಟಕ್ಕೆ. "ಅಣ್ಣಾ, ಮುಂದೆ 25, ಹಿಂದೆ 28 ಅಷ್ಟೇ ಹಾಕಿ" ಅಂತ ನಿಮ್ಮ ಅಂಕಿ ನೀವೇ ಹೇಳಿ. ಬೆಳಗ್ಗೆ ಟೈರ್ ತಣ್ಣಗಿರುವಾಗ ನೋಡಬೇಕು. ಬಿಸಿಲಲ್ಲಿ ಇಪ್ಪತ್ತು ಕಿಲೋಮೀಟರ್ ಓಡಿಸಿ ಬಂದು ನೋಡಿದರೆ ಅಂಕಿ ಜಾಸ್ತಿ ತೋರಿಸುತ್ತದೆ, ಆಗ ಇಳಿಸಿದರೆ ಮರುದಿನ ಕಡಿಮೆಯಾಗಿರುತ್ತದೆ. ಕುಲುಕುತ್ತದೆ ಅಂತ ಸ್ಟಿಕ್ಕರ್‌ಗಿಂತ ಕಡಿಮೆ ಗಾಳಿಯಲ್ಲಿ ಓಡಿಸುವುದೂ ಬೇಡ, ಗುಂಡಿಯಲ್ಲಿ ರಿಮ್ ಬಾಗುತ್ತದೆ.

ಚೈನ್ ಬಗ್ಗೆ ಸಣ್ಣದಾಗಿ ಹೇಳುತ್ತೇನೆ. ಸಡಿಲ ಚೈನ್ ಇದ್ದರೆ ಆಕ್ಸಿಲರೇಟರ್ ಕೊಟ್ಟಾಗ ಬಿಟ್ಟಾಗ ಗಾಡಿ ಜಗ್ಗುತ್ತದೆ, ಟ್ರಾಫಿಕ್‌ನಲ್ಲಿ ಮೈ ದಣಿಯುತ್ತದೆ. ಬಹಳಷ್ಟು ಸಣ್ಣ ಗಾಡಿಗಳಲ್ಲಿ ಚೈನ್ ನಡುಭಾಗ ಮೇಲೆ ಕೆಳಗೆ ಒಟ್ಟು ಎರಡೂವರೆ ಸೆಂಟಿಮೀಟರ್ ಆಸುಪಾಸು ಆಡಬೇಕು, ಸರಿಯಾದ ಅಳತೆ ಗಾಡಿ ಜೊತೆ ಕೊಟ್ಟ ಪುಸ್ತಕದಲ್ಲಿದೆ. ತೀರಾ ಬಿಗಿಯಾದರೆ ಶಾಕ್ ಪೂರ್ತಿ ಕೆಲಸ ಮಾಡುವುದಿಲ್ಲ, ಅದು ಬಹಳ ಜನಕ್ಕೆ ಗೊತ್ತಿಲ್ಲ.

ಹಿಂದಿನ ಶಾಕ್: ಇಲ್ಲೇ ಅರ್ಧ ಸೊಂಟನೋವು ಇರುವುದು

ಹಿಂದಿನ ಶಾಕ್‌ನ ಸ್ಪ್ರಿಂಗ್ ಕೆಳಗೆ ಮೆಟ್ಟಿಲು ಮೆಟ್ಟಿಲಾಗಿ ಕೊರೆದ ಒಂದು ಬಳೆ ಇರುತ್ತದೆ, ಸಾಮಾನ್ಯವಾಗಿ ಐದು ಮೆಟ್ಟಿಲು. ಟೂಲ್ ಕಿಟ್‌ನಲ್ಲಿ ಕೊಕ್ಕೆ ಥರದ ಸ್ಪ್ಯಾನರ್ ಕೊಟ್ಟಿರುತ್ತಾರೆ, ಅದು ಇದಕ್ಕೇ. ಜನ ಗಾಡಿ ಮಾರುವವರೆಗೂ ಆ ಸ್ಪ್ಯಾನರ್ ಮುಟ್ಟುವುದಿಲ್ಲ.

ಬಳೆ ತಿರುಗಿಸಿದರೆ ಸ್ಪ್ರಿಂಗ್ ಗಟ್ಟಿ ಆಗುತ್ತದೆ ಅಂತ ಎಲ್ಲರೂ ತಿಳಿದಿದ್ದಾರೆ. ಅದು ಪೂರ್ತಿ ನಿಜ ಅಲ್ಲ. ಸ್ಪ್ರಿಂಗ್ ಅದೇ. ನೀವು ಕೂತಾಗ ಗಾಡಿ ಎಷ್ಟು ಇಳಿಯುತ್ತದೆ ಅನ್ನುವುದು ಮಾತ್ರ ಬದಲಾಗುತ್ತದೆ. ಕಡಿಮೆ ತೂಕದವರು ಐದನೇ ಮೆಟ್ಟಿಲಲ್ಲಿ ಕೂತರೆ ಗಾಡಿ ಇಳಿಯುವುದೇ ಇಲ್ಲ, ಹಂಪು ದಾಟಿದಾಗ ಮೇಲಕ್ಕೆ ಎತ್ತಿ ಹಾಕುತ್ತದೆ. ಭಾರ ಇರುವವರು, ಅಥವಾ ಇಬ್ಬರು ಕೂತು ಹಿಂದೆ ಮೂಟೆ ಕಟ್ಟಿದವರು ಮೊದಲನೇ ಮೆಟ್ಟಿಲಲ್ಲಿದ್ದರೆ ಶಾಕ್ ಆಗಲೇ ತಳ ಕಂಡಿರುತ್ತದೆ, ಗುಂಡಿ ಬಂದಾಗ ಢಂ ಅನ್ನುತ್ತದೆ.

ಅಳೆಯುವುದು ಹೀಗೆ. ಡಬಲ್ ಸ್ಟ್ಯಾಂಡ್ ಹಾಕಿ, ಹಿಂದಿನ ಚಕ್ರ ಗಾಳಿಯಲ್ಲಿ ನೇತಾಡಲಿ. ಚಕ್ರದ ಅಚ್ಚಿನ ನಟ್‌ನಿಂದ ನೇರ ಮೇಲೆ ಸೀಟಿನ ಅಂಚಿನ ಒಂದು ಗುರುತಿಗೆ ಟೇಪ್ ಹಿಡಿದು ಅಳೆಯಿರಿ. ಈಗ ಸ್ಟ್ಯಾಂಡ್ ತೆಗೆದು ನೀವು ಕೂರಿ, ಎರಡು ಕಾಲನ್ನೂ ಫುಟ್‌ರೆಸ್ಟ್ ಮೇಲೆ ಇಟ್ಟು ಒಬ್ಬರು ಮುಂದೆ ಹಿಡಿದುಕೊಳ್ಳಲಿ, ಇನ್ನೊಬ್ಬರು ಅದೇ ಜಾಗ ಅಳೆಯಲಿ. ಎರಡರ ವ್ಯತ್ಯಾಸ ಚಕ್ರ ಒಟ್ಟು ಆಡುವ ಉದ್ದದ ಮೂರನೇ ಒಂದು ಭಾಗದ ಹತ್ತಿರ ಇರಬೇಕು. ಹಿಂದಿನ ಚಕ್ರ 100 ಮಿ.ಮೀ. ಆಡುವ ಗಾಡಿಯಾದರೆ 30ರ ಆಸುಪಾಸು. ಜಾಸ್ತಿ ಇಳಿದರೆ ಒಂದು ಮೆಟ್ಟಿಲು ಏರಿಸಿ, ಇಳಿಯದಿದ್ದರೆ ಒಂದು ಮೆಟ್ಟಿಲು ಇಳಿಸಿ. ಎರಡು ಶಾಕ್ ಇರುವ ಗಾಡಿಯಲ್ಲಿ ಎರಡೂ ಕಡೆ ಒಂದೇ ಮೆಟ್ಟಿಲಲ್ಲಿರಬೇಕು. ಒಂದು ಕಡೆ ಎರಡು, ಇನ್ನೊಂದು ಕಡೆ ನಾಲ್ಕು ಇದ್ದರೆ ತಿರುವಿನಲ್ಲಿ ಗಾಡಿ ವಿಚಿತ್ರವಾಗಿ ಆಡುತ್ತದೆ. ಮೆಕ್ಯಾನಿಕ್ ಗಡಿಬಿಡಿಯಲ್ಲಿ ಹಾಗೆ ಬಿಟ್ಟಿರುವುದೂ ಉಂಟು, ಒಮ್ಮೆ ಬಗ್ಗಿ ನೋಡಿ.

ಮೆಟ್ಟಿಲು ಏರಿಸಿದರೆ ಹಿಂಭಾಗ ಎತ್ತರವಾಗಿ ಹೆಡ್‌ಲೈಟ್ ನೆಲ ನೋಡುತ್ತದೆ, ಇಳಿಸಿದರೆ ಎದುರಿನವರ ಕಣ್ಣಿಗೆ ಹೊಡೆಯುತ್ತದೆ. ಶಾಕ್ ಮುಟ್ಟಿದ ಮೇಲೆ ರಾತ್ರಿ ಗೋಡೆಗೆ ಬೆಳಕು ಬಿಟ್ಟು ಹೆಡ್‌ಲೈಟ್ ಸ್ಕ್ರೂ ಸರಿಮಾಡಿಕೊಳ್ಳಿ.

ಮುಂದಿನ ಫೋರ್ಕ್‌ಗೆ ಸಣ್ಣ ಗಾಡಿಗಳಲ್ಲಿ ಇಂಥ ಬಳೆ ಇರುವುದಿಲ್ಲ. ಅಲ್ಲಿ ಮಾಡಬಹುದಾದ್ದು ಒಂದೇ, ಹಳೇ ಫೋರ್ಕ್ ಆಯಿಲ್ ತೆಗೆಸಿ ಕಂಪನಿ ಹೇಳಿದ ಅಳತೆಗೆ ಹೊಸದು ಹಾಕಿಸುವುದು. ಎಂಜಿನ್ ಆಯಿಲ್ ಬದಲಾಯಿಸುವವರು ಇದನ್ನು ವರ್ಷಾನುಗಟ್ಟಲೆ ಮರೆಯುತ್ತಾರೆ.

ಹಾಲಿನ ಕ್ಯಾನ್ ಕಟ್ಟಿಕೊಂಡು ಡೇರಿಗೆ ಹೋಗುವವರು, ತಿಪಟೂರು ಕಡೆ ತೆಂಗಿನಕಾಯಿ ಮೂಟೆ ಹಾಕುವವರು ಭಾರವನ್ನು ಎರಡೂ ಕಡೆ ಸಮ ಮಾಡಿ, ಆದಷ್ಟು ಕೆಳಗೆ, ಮುಂದಕ್ಕೆ ಕಟ್ಟಿ. ಒಂದೇ ಕಡೆ ಕ್ಯಾನ್ ನೇತಾಡಿದರೆ ನೀವು ಗೊತ್ತಿಲ್ಲದೆಯೇ ಇನ್ನೊಂದು ಕಡೆಗೆ ಸೊಂಟ ತಿರುಚಿ ಕೂತಿರುತ್ತೀರಿ.

ಹ್ಯಾಂಡಲ್ ಮತ್ತು ಲಿವರ್

ಹ್ಯಾಂಡಲನ್ನು ಗಾಡಿಗೆ ಹಿಡಿದಿಡುವ ಎರಡು ಕ್ಲಾಂಪ್, ನಾಲ್ಕು ಬೋಲ್ಟ್ ಇರುತ್ತವೆ. ಮೊದಲು ಈಗ ಇರುವ ಜಾಗಕ್ಕೆ ವೈಟ್‌ನರ್‌ನಿಂದ ಗುರುತು ಹಾಕಿ, ವಾಪಸ್ ಬರಬೇಕು ಅನ್ನಿಸಿದರೆ ಬೇಕಾಗುತ್ತದೆ. ಬೋಲ್ಟ್ ಸ್ವಲ್ಪ ಸಡಿಲಿಸಿ ಹ್ಯಾಂಡಲನ್ನು ನಿಮ್ಮ ಕಡೆಗೆ ಅಥವಾ ಮುಂದಕ್ಕೆ ಕೆಲವೇ ಮಿಲಿಮೀಟರ್ ತಿರುಗಿಸಿ. ಭುಜದ ನಡುವೆ ನೋವು ಇದ್ದರೆ ನಿಮ್ಮ ಕಡೆಗೆ. ಬಿಗಿ ಮಾಡಿದ ಮೇಲೆ ಎಂಜಿನ್ ಸ್ಟಾರ್ಟ್ ಮಾಡಿ, ಗಾಡಿ ನಿಂತಲ್ಲೇ ಹ್ಯಾಂಡಲನ್ನು ಪೂರ್ತಿ ಎಡಕ್ಕೆ ಪೂರ್ತಿ ಬಲಕ್ಕೆ ತಿರುಗಿಸಿ. ಎಂಜಿನ್ ಸದ್ದು ಏರಿದರೆ ಆಕ್ಸಿಲರೇಟರ್ ವೈರ್ ಎಳೆಯುತ್ತಿದೆ ಅಂತ ಅರ್ಥ. ಹಾಗೆ ಓಡಿಸಲೇಬೇಡಿ. ಯೂ ಟರ್ನ್ ತೆಗೆಯುವಾಗ ಗಾಡಿ ತಾನೇ ನುಗ್ಗುತ್ತದೆ. ಹ್ಯಾಂಡಲ್ ಎತ್ತರಿಸುವ ರೈಸರ್ ಹಾಕಿಸುವವರು ಇದರ ಜೊತೆ ಮುಂದಿನ ಡಿಸ್ಕ್ ಬ್ರೇಕ್‌ನ ಪೈಪ್ ಬಿಗಿಯಾಗುತ್ತದಾ ಅಂತಲೂ ನೋಡಬೇಕು. ಬಿಗಿಯಾದರೆ ರೈಸರ್ ಬೇಡ, ಇಲ್ಲವೇ ಉದ್ದ ಪೈಪ್ ಹಾಕಿಸಿ.

ಲಿವರ್‌ಗೆ ಬನ್ನಿ. ಸರಿಯಾಗಿ ಕೂತು ಬೆರಳುಗಳನ್ನು ಮುಂದಕ್ಕೆ ಚಾಚಿ. ಮೊಣಕೈಯಿಂದ ಬೆರಳ ತುದಿವರೆಗೆ ಒಂದೇ ಗೆರೆ ಇದ್ದು, ಬೆರಳು ನೇರ ಲಿವರ್ ಮೇಲೆ ಬೀಳಬೇಕು. ಬಹಳ ಗಾಡಿಗಳಲ್ಲಿ ಲಿವರ್ ಮೇಲಕ್ಕಿರುತ್ತದೆ. ಆಗ ಮಣಿಕಟ್ಟು ಹಿಂದಕ್ಕೆ ಮಡಚಿಕೊಂಡೇ ಇರುತ್ತದೆ, ಬಿ.ಎಚ್. ರಸ್ತೆಯಲ್ಲಿ ಕ್ಲಚ್ ಹಿಡಿಯುವ ಲೆಕ್ಕ ಹಾಕಿದರೆ ಸಂಜೆಗೆ ಹೆಬ್ಬೆರಳ ಬುಡ ನೋಯದೆ ಇರುತ್ತದಾ? ಲಿವರ್ ಕ್ಲಾಂಪಿನ ಬೋಲ್ಟ್ ಸಡಿಲಿಸಿ ಕೆಳಕ್ಕೆ ತಿರುಗಿಸಿ, ಮತ್ತೆ ಬಿಗಿ ಮಾಡಿ. ತೀರಾ ಬಿಗಿ ಬೇಡ, ಗಾಡಿ ಬಿದ್ದಾಗ ಲಿವರ್ ಮುರಿಯುವ ಬದಲು ಸ್ವಲ್ಪ ತಿರುಗಿಕೊಳ್ಳಲಿ.

ಕ್ಲಚ್ ಲಿವರ್ ತುದಿಯಲ್ಲಿ 10ರಿಂದ 20 ಮಿ.ಮೀ. ಆಟ ಇರುವುದು ಬಹಳ ಗಾಡಿಗಳಿಗೆ ಸರಿ. ಕ್ಲಚ್ ಗಟ್ಟಿ ಅನ್ನಿಸಿದರೆ ವೈರ್‌ಗೆ ಎಣ್ಣೆ ಬಿಡಿಸಿ, ಆಗಲೂ ಗಟ್ಟಿ ಇದ್ದರೆ ವೈರ್ ಬದಲಾಯಿಸಿ. ಎಳೆ ಬಿಟ್ಟ ಹಳೇ ವೈರ್ ಜೊತೆ ವರ್ಷ ಕಳೆಯುವುದು ಬೇಡ, ಅದು ದೊಡ್ಡ ಖರ್ಚಲ್ಲ. ಕೈ ಸಣ್ಣ ಇರುವವರು, ಮುಖ್ಯವಾಗಿ ಹೆಣ್ಣುಮಕ್ಕಳು, ದೂರ ಹತ್ತಿರ ಮಾಡುವ ಗಾಲಿ ಇರುವ ಲಿವರ್ ಹಾಕಿಸಬಹುದು. ನಿಮ್ಮ ಗಾಡಿಗೆ ಸಿಗುತ್ತದಾ ವಿಚಾರಿಸಿ.

ಅಂಗೈ ಜುಮ್ಮೆನ್ನುವುದಕ್ಕೆ ಎರಡು ಕಾರಣ ಇರುತ್ತವೆ. ಒಂದು ಎಂಜಿನ್ ನಡುಕ. ಎಂಜಿನ್ ಮೌಂಟಿಂಗ್ ಬೋಲ್ಟ್ ಸಡಿಲ ಆಗಿದ್ದರೆ ಅದು ಜಾಸ್ತಿಯಾಗುತ್ತದೆ, ಸರ್ವೀಸ್‌ನಲ್ಲಿ ಹೇಳಿ ನೋಡಿಸಿ. ಹ್ಯಾಂಡಲ್ ತುದಿಯಲ್ಲಿ ಕಂಪನಿ ಕೊಟ್ಟ ತೂಕದ ಗುಂಡು ಇದ್ದರೆ ಅದನ್ನು ತೆಗೆಸಬೇಡಿ, ನಡುಕ ತಡೆಯಲೆಂದೇ ಅದನ್ನು ಇಟ್ಟಿರುವುದು. ಎರಡನೆಯ ಕಾರಣ ನೀವೇ ಬಿಗಿ ಹಿಡಿಯುವುದು. ಮಂಡಿಯಿಂದ ಟ್ಯಾಂಕ್ ಒತ್ತಿ ಕೂತರೆ ಕೈ ತಾನಾಗಿ ಸಡಿಲವಾಗುತ್ತದೆ. ಗಾಡಿ ಇಳಿದ ಮೇಲೂ, ರಾತ್ರಿ ನಿದ್ದೆಯಲ್ಲೂ ಬೆರಳು ಮರಗಟ್ಟಿದರೆ ಅದು ಗಾಡಿ ವಿಷಯ ಅಲ್ಲ, ಡಾಕ್ಟರ್‌ಗೆ ತೋರಿಸಿ.

ಕಾಲಿನ ಕೆಲಸ

ಗೇರ್ ಪೆಡಲ್ ಹಾಕಲು ಪಾದವನ್ನು ಫುಟ್‌ರೆಸ್ಟ್‌ನಿಂದ ಎತ್ತಬೇಕಾಗಿ ಬಂದರೆ ಅದು ತಪ್ಪು ಜಾಗದಲ್ಲಿದೆ. ಸೇಫ್ಟಿ ಶೂ ಹಾಕಿ ಫ್ಯಾಕ್ಟರಿಗೆ ಹೋಗುವವರಿಗೆ ಶೂ ಮೂತಿ ದಪ್ಪ, ಪೆಡಲ್ ಸ್ವಲ್ಪ ಎತ್ತರ ಬೇಕು. ಚಪ್ಪಲಿಯವರಿಗೆ ಕೆಳಗೆ ಬೇಕು. ಪೆಡಲ್ ಹಲ್ಲಿರುವ ಶಾಫ್ಟ್ ಮೇಲೆ ಕೂತಿರುತ್ತದೆ. ಬೋಲ್ಟ್ ಸಡಿಲಿಸಿದರೆ ಸಾಲದು, ಪೂರ್ತಿ ತೆಗೆಯಬೇಕು, ಯಾಕಂದರೆ ಅದು ಶಾಫ್ಟಿನ ಒಂದು ಕಾಲುವೆಯೊಳಗೆ ಹಾದುಹೋಗಿರುತ್ತದೆ. ಪೆಡಲ್ ಎಳೆದು, ಒಂದು ಹಲ್ಲು ಮೇಲೋ ಕೆಳಗೋ ಕೂರಿಸಿ ಬಿಗಿ ಮಾಡಿ. ಪೆಡಲ್‌ಗೂ ಶಾಫ್ಟಿಗೂ ನಡುವೆ ಉದ್ದ ಕಡ್ಡಿ ಇರುವ ಗಾಡಿಗಳಲ್ಲಿ ಎರಡೂ ತುದಿಯ ಲಾಕ್ ನಟ್ ಸಡಿಲಿಸಿ ಕಡ್ಡಿ ತಿರುಗಿಸಿದರೆ ಆಯಿತು. ಒಂದು ತುದಿಯ ಮರೆ (ಥ್ರೆಡ್) ಉಲ್ಟಾ ಇರುತ್ತದೆ, ತಿರುಗುತ್ತಿಲ್ಲ ಅಂತ ಜೋರು ಮಾಡಬೇಡಿ.

ಬ್ರೇಕ್ ಪೆಡಲ್ ಕೂಡ ಹಾಗೇ. ಪಾದ ಸುಮ್ನೆ ಇಟ್ಟಾಗ ಬ್ರೇಕ್ ತಾಗಬಾರದು, ಪಾದ ಸ್ವಲ್ಪ ಬಗ್ಗಿಸಿದರೆ ಹಿಡಿಯಬೇಕು. ಸರಿಮಾಡಿದ ಮೇಲೆ ಡಬಲ್ ಸ್ಟ್ಯಾಂಡ್ ಹಾಕಿ ಚಕ್ರ ಕೈಯಲ್ಲಿ ತಿರುಗಿಸಿ, ಸಲೀಸಾಗಿ ತಿರುಗಬೇಕು. ಬ್ರೇಕ್ ಲೈಟ್ ಸರಿಯಾದ ಹೊತ್ತಿಗೆ ಹತ್ತುತ್ತದಾ ನೋಡಿ, ಪೆಡಲ್ ಜಾಗ ಬದಲಾದರೆ ಅದರ ಸ್ವಿಚ್ಚನ್ನೂ ಹೊಂದಿಸಬೇಕು.

ಕೊನೆಗೆ ಸೀಟು

ಇಷ್ಟೆಲ್ಲ ಆದ ಮೇಲೂ ಬಾಲಮೂಳೆ ನೋಯುತ್ತಿದ್ದರೆ ಆಗ ಸೀಟಿಗೆ ಕೈ ಹಾಕಿ. ಮೆತ್ತನೆ ಸೀಟು ಆರಾಮ ಅಂತ ತಿಳಿಯಬೇಡಿ. ತೀರಾ ಮೆತ್ತಗಿನ ಫೋಮ್ ಅರ್ಧ ಗಂಟೆಗೆ ಒತ್ತಿಹೋಗಿ ಕೆಳಗಿನ ಪ್ಲಾಸ್ಟಿಕ್ ತಳಕ್ಕೆ ಕೂರಿಸುತ್ತದೆ. ಸ್ವಲ್ಪ ಗಟ್ಟಿ, ಅಗಲ, ಸಮತಟ್ಟಾದ ಸೀಟು ಭಾರವನ್ನು ಹಂಚುತ್ತದೆ. ಬಹಳ ಸೀಟುಗಳು ಮುಂದಕ್ಕೆ ಇಳಿಜಾರು, ಬ್ರೇಕ್ ಹಾಕಿದಾಗಲೆಲ್ಲ ಟ್ಯಾಂಕ್ ಕಡೆ ಜಾರುತ್ತೀರಿ, ಕೈ ಮೇಲೆ ಭಾರ ಬೀಳುತ್ತದೆ. ಕೈನೋವಿಗೂ ಸೀಟೇ ಕಾರಣ ಆಗುವುದು ಹೀಗೆ.

ಸೀಟು ಕವರ್ ಹೊಲಿಯುವ ಅಂಗಡಿಗೆ ದುಡ್ಡು ಕೊಡುವ ಮೊದಲು ಒಂದು ಟವೆಲ್ ಮಡಚಿ, ಎಲ್ಲಿ ಎತ್ತರ ಬೇಕು ಅನ್ನಿಸುತ್ತದೋ ಅಲ್ಲಿ ಇಟ್ಟು, ಹಳೇ ಟ್ಯೂಬ್‌ನಿಂದ ಜಾರದ ಹಾಗೆ ಬಿಗಿಯಾಗಿ ಕಟ್ಟಿ ಹತ್ತಿರದಲ್ಲೇ ಓಡಿಸಿ ನೋಡಿ. ಮುಂದೆ ಇಟ್ಟು ನೋಡಿ, ನಡುವೆ ಇಟ್ಟು ನೋಡಿ. ಯಾವ ಜಾಗದಲ್ಲಿ ಆರಾಮಾಯಿತೋ ಅದನ್ನು ಅಂಗಡಿಯವರಿಗೆ ಬೆರಳಿಟ್ಟು ತೋರಿಸಿ, "ಇಲ್ಲಿ ಇಷ್ಟು ಏರಿಸಿ, ಇಲ್ಲಿ ಮುಟ್ಟಬೇಡಿ" ಅಂತ ಹೇಳಿ. ಸುಮ್ನೆ ಆರಾಮ್ ಮಾಡಿ ಕೊಡಿ ಅಂದರೆ ಅವರು ಮೇಲೆ ಒಂದು ಪದರ ಮೆತ್ತನೆ ಫೋಮ್ ಹಾಕಿ ಉಬ್ಬಿಸಿ ಕೊಡುತ್ತಾರೆ, ಅದು ವಾರದಲ್ಲಿ ಕುಸಿಯುತ್ತದೆ. ಕುಳ್ಳಗಿರುವವರು ಸೀಟು ಕತ್ತರಿಸಿ ಎತ್ತರ ಇಳಿಸಲು ಹೋಗುತ್ತಾರೆ. ಅದರ ಬದಲು ಮುಂಭಾಗದ ಎರಡು ಪಕ್ಕ ಕೆತ್ತಿಸಿ ಸಣ್ಣ ಮಾಡಿಸಿದರೆ ಫೋಮ್ ದಪ್ಪ ಉಳಿಯುತ್ತದೆ, ಕಾಲೂ ನೆಲಕ್ಕೆ ಸಿಗುತ್ತದೆ. ಏಪ್ರಿಲ್ ಬಿಸಿಲಿಗೆ ಜಾಲರಿ ಕವರ್ ಒಳ್ಳೆಯದು, ಆದರೆ ಕೆಳಗೆ ಪಟ್ಟಿ ಬಿಗಿಯಾಗಿ ಕಟ್ಟಿರಬೇಕು.

ಹೆಲ್ಮೆಟ್ ಕೂಡ ಆರಾಮದ ಲೆಕ್ಕದಲ್ಲೇ ಬರುತ್ತದೆ. ಐಎಸ್‌ಐ ಗುರುತು, ಅದರ ಜೊತೆ ಐಎಸ್ 4151 ಅಂಕಿ ಇರುವುದನ್ನೇ ತೆಗೆದುಕೊಳ್ಳಿ. ದೊಡ್ಡದಾದ ಹೆಲ್ಮೆಟ್ ಹೆದ್ದಾರಿ ಗಾಳಿಗೆ ತಲೆಯನ್ನು ಹಿಂದಕ್ಕೆ ಎಳೆಯುತ್ತದೆ, ಅದೇ ಕತ್ತುನೋವು. ಕೆನ್ನೆಗೆ ಸ್ವಲ್ಪ ಒತ್ತಿದ ಹಾಗೆ ಇದ್ದರೆ ಅಳತೆ ಸರಿ.

ಹೊಂದಿಸಿದ ಎಲ್ಲಾ ಬೋಲ್ಟ್‌ಗಳನ್ನು ಒಂದು ವಾರ ಓಡಿಸಿದ ಮೇಲೆ ಮತ್ತೊಮ್ಮೆ ಬಿಗಿ ನೋಡಿ, ಹ್ಯಾಂಡಲ್ ಮತ್ತು ಗೇರ್ ಪೆಡಲ್ ಮುಖ್ಯವಾಗಿ. ಶಾಕ್ ಎಷ್ಟನೇ ಮೆಟ್ಟಿಲಲ್ಲಿದೆ, ಗಾಳಿ ಎಷ್ಟು ಅಂತ ಫೋನಿನಲ್ಲಿ ಬರೆದಿಟ್ಟುಕೊಳ್ಳಿ, ಸರ್ವೀಸ್‌ಗೆ ಬಿಟ್ಟು ಬಂದ ಮೇಲೆ ಹೋಲಿಸಿ ನೋಡಲು ಬೇಕಾಗುತ್ತದೆ. ಅಪ್ಪ ಮಗ ಇಬ್ಬರೂ ಒಂದೇ ಗಾಡಿ ಓಡಿಸುವ ಮನೆಯಲ್ಲಿ ಲಿವರ್, ಪೆಡಲ್ ಎರಡನ್ನೂ ದಿನಾ ಜಾಸ್ತಿ ದೂರ ಹೋಗುವವರ ಅಳತೆಗೆ ಇಡಿ, ಸೀಟಿನ ಎತ್ತರವನ್ನು ಮಾತ್ರ ಇಬ್ಬರಲ್ಲಿ ಕುಳ್ಳಗಿರುವವರ ಕಾಲಿಗೆ ಹೊಂದಿಸಿ.